ನಕ್ಷತ್ರವೋ ತಿಥಿಯೋ

ಆ ಬೆಳಿಗ್ಗೆ ಗೋಪುರವೇ ಕಾಣದಷ್ಟು ಮಂಜು ಕವಿದಿತ್ತು. ಅನ್ನದಾನ ಬರೆಸುವ ಕಿಟಕಿಯ ಮುಂದೆ ಇದ್ದವರು ಇಬ್ಬರೇ: ಊರುಗೋಲು ಹಿಡಿದ ಮಾಜಿ ಸೈನಿಕ, ಅವನ ಹಿಂದೆ ಒಬ್ಬಳು ಮುದುಕಿ.

ಮುದುಕಿಯ ಮಗ ಯುದ್ಧದಲ್ಲಿ ಕಾಣೆಯಾಗಿ ಇಪ್ಪತ್ತಮೂರು ವರ್ಷ. ಪ್ರತಿ ವರ್ಷ ಅವನು ಹುಟ್ಟಿದ ನಕ್ಷತ್ರದಂದು ಅವಳು ಅವನ ಹೆಸರಲ್ಲಿ ಊಟ ಹಾಕಿಸುತ್ತಾಳೆ. ಆ ದೇವಸ್ಥಾನದಲ್ಲಿ ಬದುಕಿರುವವರಿಗೆ ನಕ್ಷತ್ರ ಬರೆಯುತ್ತಾರೆ, ತೀರಿಕೊಂಡವರಿಗೆ ತಿಥಿ.

“ಅನೂರಾಧ ತಾನೆ ಅಮ್ಮ?” ಎಂದ ಗುಮಾಸ್ತ. “ನನ್ ಹೆಂಡ್ತೀದು ಮರ್ತೋದ್ರೂ ನಿಮ್ ಮಗಂದು ಮರೆಯಲ್ಲ. ಮೊದ್ಲು ಇವರದು ಬರ್ಕೊತೀನಿ. ನಿಮ್ದು ಸ್ವಾಮಿ, ನಕ್ಷತ್ರನೋ ತಿಥಿನೋ?”

“ತಿಥಿ. ಜ್ಯೇಷ್ಠ ಬಹುಳ ದಶಮಿ,” ಎಂದ ಸೈನಿಕ. “ವರ್ಷಾ ವರ್ಷಾ ಊಟ ಹಾಕ್ಸಿ. ನನ್ನ ಜೊತೆಗಾರ, ಯುದ್ಧದಲ್ಲಿ ನನ್ನ ಪಕ್ಕದಲ್ಲೇ ಹೋದ. ದೇಹ ತರೋಕೂ ಆಗ್ಲಿಲ್ಲ. ಅವರ ಮನೆಗೆ ಹೋಗೋ ಧೈರ್ಯ ಇವತ್ತಿಗೂ ಬಂದಿಲ್ಲ. ಅದಕ್ಕೆ ಅವನೂರಿನ ದೇವರ ಹತ್ರ ಬಂದೆ.”

“ಹೆಸರು?”

“ಪುಟ್ಟಮಾದಯ್ಯ.”

ಗುಮಾಸ್ತನ ಪೆನ್ನು ನಿಂತಿತು. ಮುದುಕಿ ನಕ್ಕಳು.

“ಅದು ನನ್ ಮಗನ ಹೆಸ್ರು ಕಣಪ್ಪ. ನಿಂದು ಬೇರೆ ಯಾರೋ ಇರ್ಬೇಕು. ನನ್ ಮಗನ ತೋಳಲ್ಲಿ ಕೆಂಪು ದಾರದ ತಾಯ್ತ ಐತೆ. ಏಳು ಗಂಟು ಹಾಕಿ ನಾನೇ ಕಟ್ಟಿವ್ನಿ. ಅದಿರೋಗಂಟ ಅವ್ನಿಗೇನೂ ಆಗಾಕಿಲ್ಲ.”

ಸೈನಿಕ ಊರುಗೋಲನ್ನು ಗೋಡೆಗೆ ಒರಗಿಸಿ, ಎದೆಯ ಜೇಬಿನಿಂದ ಒಂದು ತಾಯಿತ ತೆಗೆದು, ಎರಡೂ ಕೈಯಿಂದ ಅವಳ ಅಂಗೈಯಲ್ಲಿಟ್ಟ. ಏಳು ಗಂಟೂ ಹಾಗೇ ಇದ್ದವು.