ನೀಲವ್ವ ಬಿಟ್ಟುಕೊಟ್ಟ ಪಾಳಿ

ಗದಗದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ವಿರೂಪಾಕ್ಷಪ್ಪ ಕಾರು ತಗೊಳ್ಳೋಣ ಅಂದಾಗ ಮನೆಯಲ್ಲಿ ಎರಡು ಪಾರ್ಟಿ ಆಯಿತು...

ಅವರಿಗೆ ದೊಡ್ಡ ಗಾಡಿ ಬೇಕು. ಹೆಂಡತಿ ದಾಕ್ಷಾಯಣಿಗೆ ಪುಟ್ಟ ಎಲೆಕ್ಟ್ರಿಕ್ ಕಾರು ಬೇಕು.

"ನಮ್ಮ ಓಣ್ಯಾಗ ದೊಡ್ಡ ಗಾಡಿ ತಿರಗಂಗಿಲ್ಲ. ಇದಕ್ಕ ಕ್ಲಚ್ಚಿಲ್ಲ, ಗೇರಿಲ್ಲ... ನಾನೂ ಓಡಸ್ತೀನಿ."

ಹೆಂಡತಿಯೇ ಗೆದ್ದಳು. ಪಕ್ಕದ ಮನೆಯವರು ನಕ್ಕರು. "ಏನ್ರೀ ಸಾಹುಕಾರ್ರ, ಮಕ್ಕಳ ಆಟಿಗಿ ತಂದೀರೇನು?"

ಮೂರೇ ತಿಂಗಳು... ಆ ಪುಟ್ಟ ಕಾರು ಮನೆಯವರಲ್ಲಿ ಒಬ್ಬರಂತಾಯಿತು. ಮಕ್ಕಳನ್ನು ಶಾಲೆಗೆ ಬಿಡೋದು, ಅತ್ತೆಯನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರಕೊಂಡು ಹೋಗೋದು, ಆಮೇಲೆ ದಾಕ್ಷಾಯಣಿ ಲೈಬ್ರರಿಗೆ.

ಲೈಬ್ರರಿ ಯಾಕೆ ಅಂದ್ರೆ, ಆಕೆ ಹನ್ನೊಂದು ವರ್ಷದಿಂದ ಟೀಚರ್ ಪರೀಕ್ಷೆ ಬರೆಯುತ್ತಿದ್ದಳು. ಪ್ರತಿ ಸಲ ಸ್ವಲ್ಪದರಲ್ಲೇ ತಪ್ಪುತ್ತಿತ್ತು.

ಈ ಸಲ ಲಿಸ್ಟಿನಲ್ಲಿ ಹೆಸರು ಬಂತು! ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ.

ವಿಜಯಪುರದಲ್ಲಿ ದಾಖಲೆ ಪರಿಶೀಲನೆ. ಕೊಟ್ಟಿದ್ದು ಒಂದೇ ದಿನ... ಸಂಜೆ ಐದರೊಳಗೆ ಹಾಜರಾಗಬೇಕು.

ಗಂಡ ಹೆಂಡತಿ ಬೆಳಿಗ್ಗೆ ಆರಕ್ಕೇ ಹೊರಟರು. ಹೊರಡುವಾಗಲೇ ವಿರೂಪಾಕ್ಷಪ್ಪ ಒಂದು ಹಠ ಹಿಡಿದರು.

"ಹೊಸಾ ಗಾಡಿ ಮೊದಲ ಸಲ ದೂರ ಹೊಂಟೈತಿ. ಮನಿದೇವರಿಗೆ ಕಾಯಿ ಒಡಿಸಿಕೊಂಡ ಹೋಗೂಣು."

ಅರವತ್ತು ಕಿಲೋಮೀಟರ್ ಸುತ್ತು, ಗುಡಿಯಲ್ಲಿ ಎರಡು ತಾಸು. ಎಸಿ ಫುಲ್. ದಾರಿಯಲ್ಲಿ ಚಾರ್ಜ್ ಮಾಡಿದರಾಯಿತು ಅಂದುಕೊಂಡಿದ್ದ ಜಾಗದಲ್ಲಿ "ರಿಪೇರಿಯಲ್ಲಿದೆ" ಅಂತ ಬೋರ್ಡು...

ಮಧ್ಯಾಹ್ನ ಎರಡು ಗಂಟೆ. ವಿಜಯಪುರ ಇನ್ನೂ ಮೂವತ್ನಾಲ್ಕು ಕಿಲೋಮೀಟರ್. ಕಾರು ಓಡೋದು ಹನ್ನೆರಡೇ ಅಂತ ಸ್ಕ್ರೀನ್ ಹೇಳುತ್ತಿತ್ತು.

ರಸ್ತೆ ಬದಿಯ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಓಡುವ ಸದ್ದು ಕೇಳಿ ಕಾರು ನಿಲ್ಲಿಸಿದರು. ಬಾಗಿಲಲ್ಲಿ ಜೋಳದ ಡಬ್ಬಿಗಳ ಸಾಲು. ಡಬ್ಬಿ ಪಾಳಿಯಲ್ಲಿ ನಿಂತಿದ್ದವು, ಅವುಗಳ ಒಡತಿಯರು ಬೇವಿನ ಮರದ ಕೆಳಗೆ ಕೂತಿದ್ದರು.

ಗಿರಣಿಯ ಮೌಲಾಸಾಬ ಪಾಪ, ಕೇಳಿದ ತಕ್ಷಣ ವೈರು ಎಳೆದುಕೊಟ್ಟ. ಎರಡು ನಿಮಿಷ ಚಾರ್ಜ್ ಆಯಿತು... ನಿಂತಿತು.

"ಮೋಟಾರ್ ಓಡಿದ್ರ ವೋಲ್ಟೇಜ್ ಬೀಳತೈತ್ರಿ. ಗಿರಣಿ ಬಂದ್ ಮಾಡಿದ್ರಷ್ಟ ನಿಮ್ಮ ಗಾಡಿ ಕರೆಂಟ್ ಹಿಡಿಯೂದು. ಮೂರೂವರಿಗೆ ಕರೆಂಟ್ ಲೈನ್ ಹೋದ್ರ ಇವರಿಗೆಲ್ಲಾ ಹಿಟ್ಟು ನಾಳಿನ..."

ಒಬ್ಬ ಹೆಂಗಸು ಎದ್ದೇಬಿಟ್ಟಳು. "ನಾವು ಮುಂಜಾನಿಂದ ಕುಂತೀವಿ. ಕಾರಿನ್ಯಾಗ ಬಂದವರಿಗೆ ಪಾಳಿ ಇಲ್ಲೇನು?"

ವಿರೂಪಾಕ್ಷಪ್ಪ ಜೇಬಿಗೆ ಕೈ ಹಾಕಿದರು. ದಾಕ್ಷಾಯಣಿ ಆ ಕೈ ಹಿಡಿದಳು.

"ಅಕ್ಕಾರು ಹೇಳೂದು ಖರೇ ಐತ್ರಿ. ತಪ್ಪು ನಮ್ಮದು..." ಅಂದವಳೇ ಫೈಲು ಎದೆಗೆ ಅವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸಾಲಿನಲ್ಲಿ ಮೊದಲಿದ್ದವು ನೀಲವ್ವನ ಮೂರು ದೊಡ್ಡ ಡಬ್ಬಿ. ಎಪ್ಪತ್ತರ ಮುದುಕಿ, ರೊಟ್ಟಿ ಬಡಿದು ಮಾರಿ ಬದುಕುವವಳು. ಮರುದಿನ ಪಕ್ಕದೂರಿನ ನಿಶ್ಚಿತಾರ್ಥಕ್ಕೆ ಮುನ್ನೂರು ರೊಟ್ಟಿ ಕೊಡ್ತೀನಿ ಅಂತ ಒಪ್ಪಿಕೊಂಡಿದ್ದಳು.

"ಏನವ್ವಾ ಆ ಫೈಲು?"

"ಟೀಚರ್ ನೌಕರೀದು ಆಯಿ. ಐದರೊಳಗ ತೋರಸಬೇಕು."

"ಎಷ್ಟ ವರ್ಷಾತು ಓದಾಕ ಹತ್ತಿ?"

"ಹನ್ನೊಂದು..."

ನೀಲವ್ವ ಬಾಗಿಲಲ್ಲಿದ್ದ ಡಬ್ಬಿಗಳ ಸಾಲಿನ ಕಡೆ ನೋಡಿದಳು. "ನಮ್ಮ ಪಾಳಿ ಮುಂಜಾನಿಂದ. ನೀ ಹನ್ನೊಂದು ವರ್ಷದಿಂದ ಪಾಳಿ ಹಚ್ಚೀದಿ!"

ಎದ್ದಳು. ತನ್ನ ಡಬ್ಬಿಗಳನ್ನು ತಾನೇ ಸಾಲಿನಿಂದ ಪಕ್ಕಕ್ಕೆ ಎಳೆದಳು. "ಮೌಲಾ, ಮೋಟಾರ್ ಬಂದ್ ಮಾಡಪಾ."

"ಆಯಿ, ನಿನ್ನ ಮುನ್ನೂರು ರೊಟ್ಟಿ?"

"ನೋಡೂಣಂತ."

ಗಿರಣಿ ನಿಂತಿತು. ಕಾರಿನ ಹಸಿರು ದೀಪ ಹತ್ತಿತು...

ಆಗ ಜಗಳಕ್ಕೆ ಎದ್ದಿದ್ದಳಲ್ಲ, ಆ ಹೆಂಗಸು ಸೀದಾ ಮನೆಗೆ ಹೋದಳು. ಬಂದಾಗ ಕೈಯಲ್ಲಿ ಒಂದು ಬುಟ್ಟಿ ಹಿಟ್ಟು.

"ತಗೋ ಆಯಿ. ಮನ್ಯಾಗ ಇಷ್ಟಿತ್ತು."

ಆಕೆಯ ಹಿಂದೆ ಇನ್ನೊಬ್ಬಳು... ಮತ್ತೊಬ್ಬಳು... ಮರದ ಕೆಳಗಿದ್ದವರೆಲ್ಲಾ ಮನೆಗೆ ಹೋಗಿ ಬಂದರು.

ನೀಲವ್ವ ಹಿಟ್ಟು ಬೆರಳಲ್ಲಿ ಉಜ್ಜಿ ನೋಡಿ ಬೈಯುತ್ತಿದ್ದಳು. "ಇದೇನ ಹಿಟ್ಟೋ, ರವಾನೋ! ಸಾಣಿಗಿ ಹಿಡೀಬೇಕು ನಾ."

ಎಲ್ಲರೂ ನಕ್ಕರು. ಅಂಗಡಿಯಲ್ಲಿ ಯಾರಿಗೂ ತಲೆಬಾಗದ ವಿರೂಪಾಕ್ಷಪ್ಪ ಮಾತ್ರ ಕಾರಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡರು.

ಮೂರೂವರೆಗೆ ಲೈನ್ ಹೋಯಿತು. ಸ್ಕ್ರೀನಿನಲ್ಲಿ ನಲವತ್ತೊಂದು ಕಿಲೋಮೀಟರ್. ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ದಾಕ್ಷಾಯಣಿಯೇ ನಿಧಾನಕ್ಕೆ ಓಡಿಸಿದಳು.

ನಾಲ್ಕು ಮೂವತ್ತೈದಕ್ಕೆ ಕಚೇರಿ ಮುಟ್ಟಿದರು. ದಾಖಲೆಗಳೆಲ್ಲಾ ಸರಿ ಇದ್ದವು. ಸೀಲು ಬಿತ್ತು!

ರಾತ್ರಿ ಅಲ್ಲೇ ಉಳಿದು ಕಾರಿಗೆ ಫುಲ್ ಚಾರ್ಜ್ ಮಾಡಿದರು. ಮರುದಿನ ಬೆಳಿಗ್ಗೆ ಸೀದಾ ಗಿರಣಿ ಹಳ್ಳಿಗೆ.

ನೀಲವ್ವ ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಟಂಟಂ ಆಟೋಗೆ ಕಾಯುತ್ತಾ ನಿಂತಿದ್ದಳು.

"ಟಂಟಂ ಯಾಕ ಆಯಿ? ನಾವಿಲ್ಲೇನು?"

ಡಿಕ್ಕಿ ತುಂಬಾ ರೊಟ್ಟಿ, ಹಿಂದಿನ ಸೀಟಿನಲ್ಲಿ ರೊಟ್ಟಿ, ಉಳಿದದ್ದು ವಿರೂಪಾಕ್ಷಪ್ಪನವರ ತೊಡೆಯ ಮೇಲೆ. ನೀಲವ್ವ ಮುಂದಿನ ಸೀಟಿನಲ್ಲಿ ಮಹಾರಾಣಿ ಹಾಗೆ.

"ಗಾಡಿ ಚಾಲೂನ ಮಾಡಿಲ್ಲಲ್ಲವ್ವ ನೀ?"

"ಹೊಂಟೈತಿ ಆಯಿ, ಹೊರಗ ನೋಡು."

"ಅವ್ವಯ್ಯಾ! ಸಪ್ಪಳನ ಇಲ್ಲ!"

ನಿಶ್ಚಿತಾರ್ಥದ ಮನೆ ಮುಂದೆ ಯಜಮಾನ ಓಡಿಬಂದ. "ಏ ನೀಲವ್ವಾ, ಕಾರಿನ್ಯಾಗ ಬಂದಿ! ಯಾರಿದು ಡ್ರೈವರ್ ಹೆಣ್ಮಗಳು?"

ನೀಲವ್ವ ಸೆಟೆದು ನಿಂತಳು. "ಡ್ರೈವರ್ ಅಲ್ಲೋ... ಟೀಚರ್! ನಮ್ಮ ಟೀಚರ್!"

ಹನ್ನೊಂದು ವರ್ಷದಲ್ಲಿ ಯಾರೂ ದಾಕ್ಷಾಯಣಿಯನ್ನು ಹಾಗೆ ಕರೆದಿರಲಿಲ್ಲ...

ಆಕೆ ಸ್ಟೇರಿಂಗ್ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನೀಲವ್ವ ಕಿಟಕಿಯಿಂದ ಕೈ ಹಾಕಿ ಆಕೆಯ ಬೆನ್ನು ಸವರುತ್ತಲೇ ಇದ್ದಳು.

*

ನಾವು ಮುಂದೆ ಬಂದ ದಾರಿಯಲ್ಲಿ ಎಲ್ಲೋ ಒಂದು ಕಡೆ, ಯಾರೋ ಒಬ್ಬರು ತಮ್ಮ ಪಾಳಿ ನಮಗೆ ಬಿಟ್ಟುಕೊಟ್ಟಿರುತ್ತಾರೆ.

ನಿಮಗೆ ಹಾಗೆ ಬಿಟ್ಟುಕೊಟ್ಟವರು ಯಾರು... ಅವರ ಊರಿನ ಕಡೆ ಮತ್ತೊಮ್ಮೆ ಹೋಗಿ ಬಂದಿದ್ದೀರಾ?