ಅರ್ಜಿಯಲ್ಲಿಲ್ಲದ ಪ್ರಶ್ನೆಗಳು

“ಹಿಂದ್ಗಡೆ ಬಾಗಿಲು ಇದ್ಯೇನಮ್ಮಾ ಈ ಮನೇಗೆ?” ಕಾರಿನಿಂದ ಇಳಿದವನೇ ಡ್ರೈವರ್ ರಂಗಪ್ಪ ಕೇಳಿದ.

ಅಶ್ವಿನಿಗೆ ಗಾಬರಿಯಾಯಿತು. ಹಿಂದಿನ ಕೋಣೆಯಲ್ಲಿ ಧನ್ಯಶ್ರೀ ಇದ್ದಳು. ಕಡೂರಿನ ಓಂಕಾರಮೂರ್ತಿಯವರ ಕೊಬ್ಬರಿ ಮಂಡಿಯ ಗುಮಾಸ್ತನ ಹೆಂಡತಿ. ಗಂಡನ ಏಟು ತಾಳಲಾರದೆ ನಾಲ್ಕು ದಿನದ ಹಿಂದೆ ಉಟ್ಟ ಬಟ್ಟೆಯಲ್ಲಿ ಓಡಿಬಂದಿದ್ದಳು. ಈಗ ಗೇಟಿನ ಮುಂದೆ ನಿಂತಿರುವ ಕಾರೂ ಅದೇ ಓಂಕಾರಮೂರ್ತಿಯವರದು.

“ಇದೆ. ಅದರಾಚೆ ರೈಲು ಹಳಿ ಇದೆ. ಹತ್ತಿ ಹೋಗ್ತೀಯೇನಪ್ಪಾ?” ಎಂದಳು ಅಡುಗೆಯ ಅಂಬಮ್ಮ.

“ಸುಮ್ನೆ ಕೇಳ್ದೆ ಬಿಡವ್ವಾ,” ಎಂದ ರಂಗಪ್ಪ. ಆದರೆ ಸುಮ್ಮನೆ ನಿಲ್ಲಲಿಲ್ಲ, ಮನೆಯನ್ನು ಒಂದು ಸುತ್ತು ಹಾಕಿ ಬಂದ.

ಇಂಥ ಹೊತ್ತಿನಲ್ಲೇ ಬರಬೇಕಿತ್ತೆ ಇವರು! ಅಜ್ಜಂಪುರದ ರೈಲ್ವೆ ಸ್ಟೇಷನ್ ಹಿಂದಿನ ಈ ಬಾಡಿಗೆ ಮನೆಯಲ್ಲಿ ಅಶ್ವಿನಿ ಆರು ವರ್ಷದಿಂದ ‘ಮಡಿಲು’ ನಡೆಸುತ್ತಿದ್ದಳು. ಹೊಡೆತ ಬಡಿತಕ್ಕೆ ಹೆದರಿ ಮನೆ ಬಿಟ್ಟು ಬಂದ ಹೆಂಗಸರಿಗೆ ಆಸರೆ. ಸದ್ಯ ಹನ್ನೊಂದು ಜನ. ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾಗಿತ್ತು. ತರೀಕೆರೆಯಲ್ಲೊಂದು ಮನೆ ಗೊತ್ತಾಗಿತ್ತು, ಮುಂಗಡಕ್ಕೆ ಕಾಸಿರಲಿಲ್ಲ. ದೂರದ ಸಂಸ್ಥೆಯೊಂದು ಹೆಂಗಸರ ಫೋಟೋ ಕಳಿಸಿದರೆ ಹಣ ಕೊಡುತ್ತೇವೆ ಎಂದಿತು. ಅವಳು ಕಳಿಸಲಿಲ್ಲ. ಇನ್ನು ಉಳಿದದ್ದು ಓಂಕಾರಮೂರ್ತಿ ಕುಟುಂಬ ಪ್ರತಿಷ್ಠಾನ ಒಂದೇ. ಅಲ್ಲಿಗೆ ಅರ್ಜಿ ಹಾಕಿ ಮೂರು ತಿಂಗಳಾಗಿತ್ತು. ಸದ್ದೇ ಇರಲಿಲ್ಲ. ಇವತ್ತು ಬೆಳಿಗ್ಗೆ ಫೋನ್ ಬಂದಿತ್ತು, ತಪಾಸಣೆಗೆ ಬರುತ್ತೇವೆ ಎಂದು.

ಬಂದವಳು ಆ ಮನೆಯ ಸೊಸೆ ಕೃತಿಕಾ. ಪ್ರತಿಷ್ಠಾನದ ಕಾರ್ಯದರ್ಶಿ. ಮೂವತ್ತು ತುಂಬದ ವಯಸ್ಸು, ಇಸ್ತ್ರಿ ಕೆಡದ ಸೀರೆ, ನಗುವಿಲ್ಲದ ಮುಖ. ಅಂಬಮ್ಮ ತಂದ ಕಾಫಿಯನ್ನು ಮುಟ್ಟಲಿಲ್ಲ. “ನನಗೆ ಬೇಡ. ರಂಗಪ್ಪಂಗೆ ಕೊಡಿ, ಜಗಲಿ ಮೇಲೆ ಕೂತು ನಿಧಾನಕ್ಕೆ ಕುಡೀಲಿ,” ಎಂದಳು.

ದಾನ ಕೊಡಲು ಬರುವವರನ್ನು ಅಶ್ವಿನಿ ಬೇಕಾದಷ್ಟು ನೋಡಿದ್ದಳು. ಅಡುಗೆಮನೆ ನೋಡುತ್ತಾರೆ, ಬಚ್ಚಲು ನೋಡುತ್ತಾರೆ, ‘ಅಯ್ಯೋ ಪಾಪ’ ಎನ್ನುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಈ ಮಹಾತಾಯಿ ಅದ್ಯಾವುದನ್ನೂ ಮಾಡಲಿಲ್ಲ.

“ರಾತ್ರಿ ಬೀಗದ ಕೈ ಯಾರ ಹತ್ರ ಇರತ್ತೆ?” ಎಂದಳು.

ಬಾಯಿ ಹಾಕಿದ್ದು ಅಂಬಮ್ಮನೇ. ಯಗಟಿಯವಳು, ‘ಮಡಿಲಿ’ಗೆ ಮೊಟ್ಟಮೊದಲು ಬಂದವಳು. “ನಮ್ಮ ಹತ್ರಾನೇ ಕಣ್ರವ್ವಾ. ಹೊರಗಿಂದ ಬೀಗ ಹಾಕುಸ್ಕೊಂಡು ಸಾಕಾಗಿ ತಾನೇ ಇಲ್ಲಿಗೆ ಬಂದಿರೋದು?”

ಕೃತಿಕಾ ನಗಲಿಲ್ಲ. “ಗಂಡ ಪೊಲೀಸ್ ಕರ್ಕೊಂಡು ಬಂದ್ರೆ?”

“ಅವಳಾಗಿ ಹೋಗ್ತೀನಿ ಅಂದ್ರೆ ಮಾತ್ರ ಕಳಿಸ್ತೀವಿ ಮೇಡಂ,” ಎಂದಳು ಅಶ್ವಿನಿ.

“ಗಂಡನ ಕಡೆಯೋರು ದೊಡ್ಡ ಜನ ಆಗಿದ್ರೆ?”

“ಆಗ್ಲೂ ಅಷ್ಟೇ,” ಎಂದಳು ಅಶ್ವಿನಿ.

ಕೃತಿಕಾಳ ಕೈಯಲ್ಲಿ ಅರ್ಜಿ ಇತ್ತು, ಪೆನ್ನೂ ಇತ್ತು. ಒಂದಕ್ಷರ ಬರೆದುಕೊಳ್ಳಲಿಲ್ಲ. ಎಲ್ಲ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದಾಳೆ, ಸುಮ್ಮನೆ ಆಟ ಆಡಿಸುತ್ತಿದ್ದಾಳೆ ಅನ್ನಿಸಿ ಅಶ್ವಿನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಜಗಲಿಯಿಂದ ರಂಗಪ್ಪನ ಫೋನಿನ ಮಾತು ಕಿಟಕಿಯಲ್ಲಿ ಕೇಳಿಸಿತು: “ಒಳಗೇ ಅವ್ರೆ ಯಜಮಾನ್ರೇ. ಇಲ್ಲ ಇಲ್ಲ, ಹಿಂದ್ಗಡೆ ಬಾಗ್ಲೂ ನೋಡ್ಕೊಂಡಿದೀನಿ.”

ಅಲ್ಲಿಗೆ ಎಲ್ಲ ಖಾತ್ರಿಯಾಯಿತು. ಧನ್ಯಶ್ರೀ ಇಲ್ಲಿರುವುದು ಕಡೂರಿಗೆ ತಿಳಿದುಹೋಗಿದೆ.

“ಹಿಂದಿನ ಕೋಣೆ ತೋರಿಸಿ,” ಎಂದಳು ಕೃತಿಕಾ.

ಬೇಡ ಎನ್ನಲು ನೆಪ ಸಿಗಲಿಲ್ಲ. ಕದ ತೆರೆದಾಗ ಧನ್ಯಶ್ರೀ ಅಕ್ಕಿ ಆರಿಸುತ್ತಾ ಕೂತಿದ್ದಳು. ಧಣಿಗಳ ಸೊಸೆಯನ್ನು ಕಂಡದ್ದೇ ತಡ, ಕೈಯಿಂದ ಮೊರ ಜಾರಿತು. “ಅಕ್ಕೋರೇ, ಯಜಮಾನ್ರಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ,” ಎಂದು ಅತ್ತೇಬಿಟ್ಟಳು.

ಕೃತಿಕಾ ಬಗ್ಗಿ ಮೊರ ಎತ್ತಿ ಅವಳ ಕೈಗೆ ಕೊಟ್ಟಳು.

“ಇಲ್ಲಿ ನಿದ್ದೆ ಬರತ್ತಾ?”

ಧನ್ಯಶ್ರೀ ಕಣ್ಣೊರೆಸಿಕೊಂಡಳು. “ಮೊದಲ್ನೇ ದಿನ ಬರ್ಲಿಲ್ಲ. ಆಮೇಲೆ ಬಂತು.”

ಕೃತಿಕಾ ಕದ ಎಳೆದುಕೊಂಡು ಹೊರಬಂದಳು. ಜಗಲಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: “ಒಬ್ಬಳನ್ನ ವಾಪಸ್ ಕಳಿಸಿದ್ರೆ ದುಡ್ಡು ಬರತ್ತೆ, ಇಟ್ಕೊಂಡ್ರೆ ಬರಲ್ಲ ಅಂತಾದ್ರೆ ಏನ್ಮಾಡ್ತೀರಿ?”

ಬಂತಲ್ಲ, ಕೊನೆಗೂ ಬಂತಲ್ಲ ಮಾತು! ಅಶ್ವಿನಿಯದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡಾಯಿತು. ಹೂಂ ಅಂದರೆ ಹತ್ತು ಜನಕ್ಕೆ ತರೀಕೆರೆಯಲ್ಲಿ ಸೂರು. ಊಹೂಂ ಅಂದರೆ ಹನ್ನೊಂದು ಜನವೂ ಬೀದಿಪಾಲು. ಅದರಲ್ಲಿ ಇಬ್ಬರು ಬಸುರಿಯರು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮುಖ ನೋಡುವುದೆಂದು ತಿಳಿಯದೆ ಅಂಬಮ್ಮನ ಮುಖ ನೋಡಿದಳು.

ಅಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬೀದೀಲೇ ಒಲೆ ಹೂಡಾನ ಬಿಡವ್ವಾ. ಹುಟ್ಟಿಸ್ದೋನು ಹುಲ್ಲು ಮೇಯಿಸ್ತಾನಾ?”

“ಕಳಿಸಲ್ಲ,” ಎಂದಳು ಅಶ್ವಿನಿ. “ನಿಮ್ಮ ದುಡ್ಡು ನಿಮ್ಮ ಹತ್ರಾನೇ ಇರ್ಲಿ ಮೇಡಂ. ಕಡೂರಿಂದ ಯಾರೇ ಬರ್ಲಿ, ನಮ್ಮ ಹತ್ರ ಬಂದೋಳನ್ನ ಬಿಟ್ಟುಕೊಡಲ್ಲ.”

ಕೃತಿಕಾ ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕುಸಿದು ಕೂತಳು. ಇಸ್ತ್ರಿಯ ಸೀರೆ ಧೂಳಾಯಿತು. ಅವಳ ಮುಖ ನೋಡಿ ಅಂಬಮ್ಮ ನೀರು ತರಲು ಓಡಿದಳು.

“ದುಡ್ಡಂತೂ ಇನ್ನು ಬರಲ್ಲ ಅಕ್ಕಾ,” ಎಂದಳು ಕೃತಿಕಾ. “ರಂಗಪ್ಪ ಕಾಯ್ತಿರೋದು ನನ್ನನ್ನ. ನಾನು ಆ ಮನೆಗೆ ವಾಪಸ್ ಹೋಗಲ್ಲ.”