ಬೆಚ್ಚನೆಯ ಜಾಗ

ಬೆಳಗಿನ ಚಳಿ ಹದಿಮೂರು ಡಿಗ್ರಿಗೆ ಇಳಿದಿತ್ತು. ಗಂಡ ಬ್ಯಾಡ್ಮಿಂಟನ್ ಆಡಿ ಬಂದು ಕಾರು ನಿಲ್ಲಿಸಿ ಒಂದು ಗಂಟೆಯಾಗಿತ್ತು. ಬಟ್ಟಲಿಗೆ ಹಾಕಿದ್ದ ಹಾಲು ಹಾಗೇ ತಣ್ಣಗಾಗಿತ್ತು. ಹೆಂಡತಿ ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲ ಕಡೆ ತನ್ನ ಬೆಕ್ಕನ್ನು ಹುಡುಕಿ ಹೊರಗೆ ಬಂದಳು.

“ರೀ, ಅವಳನ್ನ ಎಲ್ಲಾದ್ರೂ ನೋಡಿದ್ರಾ?”

“ನಿನ್ನ ಮಗಳು ತಾನೇ? ಎಲ್ಲೋ ಬೆಚ್ಚಗೆ ಮಲಗಿರ್ತಾಳೆ ಬಿಡು.”

ಮದುವೆಯಾಗಿ ಹನ್ನೊಂದು ವರ್ಷ. ಈ ಚುಚ್ಚುಮಾತು ಅವಳಿಗೆ ಹೊಸದಲ್ಲ.

“ಹಾಲು ಮುಟ್ಟಿಲ್ಲ. ಯಾಕೋ ಭಯ ಆಗ್ತಿದೆ.”

“ನಾನು ಜ್ವರ ಬಂದು ಮಲಗಿದಾಗ ಇಷ್ಟು ಭಯ ಆಗಿರಲಿಲ್ಲ ನಿನಗೆ.” ಅವನು ನಕ್ಕು ಕಾರಿನ ಕೀ ಚಾಚಿದ. “ಲೈಸೆನ್ಸ್ ಬಂದಾಗಿನಿಂದ ಕೇಳ್ತಿದ್ದೀಯಲ್ಲ, ಇವತ್ತು ನನ್ನನ್ನ ಆಫೀಸಿಗೆ ನೀನೇ ಬಿಡು.”

“ನಿಜವಾಗ್ಲೂ?”

“ಮೊದಲು ಸ್ಟಾರ್ಟ್ ಮಾಡು, ನೋಡೋಣ.”

ಅವಳು ಸೆರಗು ಸಿಕ್ಕಿಸಿಕೊಂಡು ಕುಳಿತಳು, ಕನ್ನಡಿ ಸರಿಮಾಡಿಕೊಂಡಳು, ಕೀ ತಿರುಗಿಸಿದಳು. ಬಾನೆಟ್ಟಿನ ಒಳಗಿಂದ ಒಂದೇ ಒಂದು ಕೂಗು ಬಂದು ನಿಂತುಹೋಯಿತು.

ಅವನೇ ಬಾನೆಟ್ ಎತ್ತಿ ನೋಡಿ, ಮತ್ತೆ ಮುಚ್ಚಿದ.

“ಇಂಜಿನ್ ಬಿಸಿಗೆ ಒಳಗೆ ಹೋಗಿ ಮಲಗಿದೆ. ಅಳಬೇಡ. ಅಲ್ಲಿರುತ್ತೆ ಅಂತ ಯಾರಿಗೆ ತಾನೇ ಗೊತ್ತಿರುತ್ತೆ ಹೇಳು?”

ಸದ್ದು ಕೇಳಿ ಪಕ್ಕದ ಮನೆಯ ಮುದುಕರು ಕಾಂಪೌಂಡಿನ ಮೇಲಿಂದ ಇಣುಕಿದರು.

“ಏನಪ್ಪಾ, ಆಫೀಸಿಗೆ ಹೊರಡೋ ಮುಂಚೆ ದಿನಾ ಬಾನೆಟ್ ಬಡಿದು ಬೆಕ್ಕನ್ನ ಓಡಿಸ್ತಿದ್ದೆಯಲ್ಲ. ಇವತ್ತು ಮರೆತುಬಿಟ್ಟೆಯಾ?”